ಬಣ್ಣ ನೋಡಿ ಮಿಲ್ಲಿಂಗ್ ಮಷೀನ್ ಕೊಳ್ಳಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದೆಯೇ ಉತ್ತರಿಸಿದವು. ಎಂಡ್ ಮಿಲ್ ಎಂದರೇನು, ವರ್ನಿಯರ್ ಓದುವುದು ಹೇಗೆ ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ಅವನ್ನು ಕಲಿತುಕೊಂಡೇ ಮಷೀನ್ ಹತ್ತಿರ ಬನ್ನಿ.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆ. ಅಜ್ಜನ ಕಾಲದ ತೋಟಾಕೋವಿಯ ಕುದುರೆ (ಗುಂಡು ಹಾರಿಸುವ ಪುಟ್ಟ ಸುತ್ತಿಗೆ) ಸವೆದಿದೆ. ಅಮೆರಿಕದವರು ಮನೆಯಲ್ಲೇ ಕೋವಿ ಕೆಲಸ ಮಾಡುವ ವಿಡಿಯೋ ನೋಡಿ ನನಗೂ ಆಸೆಯಾಗಿದೆ. ಪಂಪು, ಕಳೆ ಕತ್ತರಿಸುವ ಮಷೀನ್‌ಗಳ ಬಿಡಿಭಾಗಗಳನ್ನೂ ಮಾಡಿಕೊಳ್ಳಬಹುದು. ತಿರುಗುವ ಕಟ್ಟರಿನಿಂದ ಲೋಹ ಕೆತ್ತುವ ಚೀನಾದ ಪುಟ್ಟ ಮಿಲ್ಲಿಂಗ್ ಮಷೀನ್ ತೆಗೆದುಕೊಳ್ಳಲೇ, ಹಳೆಯದನ್ನು ಕೊಳ್ಳಲೇ?

ಕೋವಿಯ ಮಾತು ಮೊದಲು ಮುಗಿಸುತ್ತೇನೆ. ಬೇಡ. ಅಮೆರಿಕದ ಕೇಂದ್ರ ಕಾನೂನು ಸ್ವಂತ ಬಳಕೆಗೆ ಬಂದೂಕು ಮಾಡಿಕೊಳ್ಳಲು ಬಿಡುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಯಾರಿಕೆಗಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೆಯ ಭೂಪದ್ಧತಿ) ಹಿಡುವಳಿದಾರರಿಗೆ 2029ರವರೆಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ. ಅದನ್ನು ಬಿಚ್ಚಿ ಕೆತ್ತುವುದಕ್ಕಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಶಿಕ್ಷೆಯೇ 7 ವರ್ಷ. ಕಾನೂನು ಬದಿಗಿರಲಿ, ಕುದುರೆಯನ್ನು ಹಿಡಿದಿಡುವ ಕಚ್ಚು ಕೂದಲೆಳೆಯಷ್ಟು ತಪ್ಪಿದರೂ ಕೈಜಾರಿ ಬಿದ್ದ ಕೋವಿ ಹಾರಬಹುದು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ ಮನೆಮಂದಿಯೆಲ್ಲ ಅದರ ಸುತ್ತ ನಿಂತಿರುತ್ತಾರೆ ಎಂಬುದು ನೆನಪಿರಲಿ. ಲೈಸೆನ್ಸ್ ಇರುವ ಬಂದೂಕು ಅಂಗಡಿಗೇ ಒಯ್ಯಿರಿ.

ಪಂಪಿನ ಭಾಗ ಮಾಡಿಕೊಳ್ಳುವ ಆಸೆ ಒಳ್ಳೆಯದು. ಅದಕ್ಕೆ ಮನಸಾರೆ ಉತ್ತರಿಸುತ್ತೇನೆ.

ಚೀನಾದ ಪುಟ್ಟ ಮಷೀನ್ 50–60 ಕಿಲೋ ತೂಗುತ್ತದೆ. ಹಲವು ಮಾದರಿಗಳಲ್ಲಿ ಗೇರು ಪ್ಲಾಸ್ಟಿಕ್ಕಿನದು. ಅಲ್ಯೂಮಿನಿಯಂ, ಹಿತ್ತಾಳೆಗೆ ಸಾಕು. ಉಕ್ಕಿಗೆ ಕಟ್ಟರ್ ಕೊಟ್ಟರೆ ಕಂಬವೇ ನಡುಗುತ್ತದೆ. ಮಿಲ್ಲಿಂಗ್‌ನಲ್ಲಿ ತೂಕವೇ ಬಲ. 1938ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್‌ನವರು ತಂದ ಟರೆಟ್ ಮಿಲ್ಲಿಂಗ್ (ಮೇಲಿನ ಹೆಡ್ಡನ್ನು ತಿರುಗಿಸಬಹುದಾದ ಮಷೀನ್) ಹತ್ತಿರ ಹತ್ತಿರ 900 ಕಿಲೋ. ಅದೇ ಮಾದರಿಯಲ್ಲಿ ನಮ್ಮ ದೇಶದಲ್ಲಿ ಮಾಡಿದವು ಪೀಣ್ಯದ ಶೆಡ್ಡುಗಳಲ್ಲಿ ಈಗಲೂ ಓಡುತ್ತಿವೆ. ನೆಲ ಗಟ್ಟಿ ಕಾಂಕ್ರೀಟಾಗಿದ್ದರೆ ಹಳೆಯ ಟರೆಟ್ ಮಿಲ್ಲಿಂಗನ್ನೇ ಕೊಳ್ಳಿ. ಎಚ್‌ಎಂಟಿಯ ಎಫ್‌ಎನ್‌2 ಮಿಲ್ಲಿಂಗ್ ಮಷೀನ್ ನನ್ನ ಅಚ್ಚುಮೆಚ್ಚಿನದು, ಆದರೆ ಟನ್‌ಗಟ್ಟಲೆ ತೂಗುವ ಅದನ್ನು ನಿಮ್ಮ ಘಟ್ಟದ ದಾರಿಯಲ್ಲಿ ಹತ್ತಿಸುವ ಸಾಹಸ ಬೇಡ.

ಹಳೆಯ ಮಷೀನ್ ಮಾರುವವರಲ್ಲಿ ಒಂದು ಚಾಳಿಯಿದೆ. ಪುಟ್ಟಿ ಮೆತ್ತಿ, ಹಸಿರು ಬಣ್ಣ ಹೊಡೆದು, ‘ಕಂಡೀಷನ್ ಸೂಪರ್ ಸಾರ್’ ಎನ್ನುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು. ನಾನಾದರೆ ಬಣ್ಣ ಮಾಸಿದ, ಎಣ್ಣೆ ಜಿನುಗುವ, ನಿನ್ನೆವರೆಗೆ ಕೆಲಸ ಮಾಡಿದ ಮಷೀನನ್ನೇ ನಂಬುತ್ತೇನೆ. ಕರೆಂಟ್ ಇಲ್ಲದ ಕಡೆ ನಿಲ್ಲಿಸಿ ತೋರಿಸಿದರೆ ಮಾತು ಬೆಳೆಸದೆ ಹೊರಟುಬಿಡಿ.

ಹೋಗುವಾಗ ಒಂದು ಡಯಲ್ ಗೇಜು (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ), ಅದನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಸ್ಟ್ಯಾಂಡು ಚೀಲದಲ್ಲಿರಲಿ. ಕಟ್ಟರನ್ನು ತಿರುಗಿಸುವ ಸ್ಪಿಂಡಲ್ಲಿನ ಒಳಟೇಪರಿಗೆ (ಕಿರಿದಾಗುತ್ತ ಹೋಗುವ ತೂತಿನ ಗೋಡೆಗೆ) ಡಯಲ್ ತಾಗಿಸಿ ಕೈಯಲ್ಲೇ ತಿರುಗಿಸಿ. ಮುಳ್ಳು 0.01 ಮಿ.ಮೀ. ಒಳಗೆ ಆಡಿದರೆ ಚೆನ್ನ, 0.03 ದಾಟಿದರೆ ಬಿಟ್ಟುಬನ್ನಿ. ಆಮೇಲೆ ಅರ್ಧ ಗಂಟೆ ಜೋರಾಗಿ ಓಡಿಸಿ, ನಿಲ್ಲಿಸಿ, ಹೆಡ್ಡನ್ನು ಮುಟ್ಟಿ ನೋಡಿ. ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಸುಡಬಾರದು.

ಮುಖ್ಯ ಪರೀಕ್ಷೆ ಟೇಬಲ್ಲಿನದು. ಎಲ್ಲರೂ ನಡುಭಾಗದಲ್ಲೇ ಕೆಲಸ ಮಾಡುವುದರಿಂದ ಟೇಬಲ್ ಜಾರುವ ಸ್ಲೈಡು ಸವೆಯುವುದೂ ಅಲ್ಲೇ. ಜಿಬ್ಬನ್ನು (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ನಡುವಿನಲ್ಲಿ ಸರಿಹೊಂದುವಷ್ಟು ಬಿಗಿಮಾಡಿ, ಟೇಬಲ್ಲನ್ನು ತುದಿಯವರೆಗೆ ಓಡಿಸಿ. ತುದಿಯಲ್ಲಿ ಬಿಗಿಯಾಗಿ ಕಚ್ಚಿಕೊಂಡರೆ ಸ್ಲೈಡು ಹೋಗಿದೆ ಎಂದರ್ಥ. ಅದನ್ನು ಮತ್ತೆ ಸ್ಕ್ರೇಪ್ ಮಾಡಿಸುವ (ಹೆರೆದು ಸಮ ಮಾಡಿಸುವ) ಖರ್ಚು ಮಷೀನಿನ ಬೆಲೆಯನ್ನೇ ನುಂಗಬಹುದು. ಇನ್ನು ಹ್ಯಾಂಡಲ್ಲಿನ ಪ್ಲೇ, ಅಂದರೆ ಟೇಬಲ್ ಸರಿಯುವ ಮೊದಲು ಹ್ಯಾಂಡಲ್ ಖಾಲಿ ತಿರುಗುವ ಸಡಿಲ. ಉದ್ದಕ್ಕೂ ಒಂದೇ ಸಮ ಇದ್ದರೆ ಟೇಬಲ್ ಓಡಿಸುವ ಸ್ಕ್ರೂವಿನ ನಟ್ ಬದಲಿಸಿದರಾಯಿತು. ನಡುವಿನಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಇದ್ದರೆ ಸ್ಕ್ರೂವೇ ಸವೆದಿದೆ. ಅದನ್ನು ಹೇಳಿ ಬೆಲೆ ಇಳಿಸಿ, ಇಲ್ಲವೇ ಬಿಡಿ.

ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರವೇ? ವಿಎಫ್‌ಡಿ (ಸಿಂಗಲ್ ಫೇಸಿನಿಂದ ತ್ರೀ ಫೇಸ್ ಮೋಟಾರು ಓಡಿಸುವ ಸಾಧನ) ಹಾಕಿಸಿ. ಮೋಟಾರಿನ ಪ್ಲೇಟಿನಲ್ಲಿ ಡೆಲ್ಟಾ 230, ಸ್ಟಾರ್ 415 (ವೈಂಡಿಂಗ್ ಜೋಡಿಸುವ ಎರಡು ಬಗೆ, ಅವುಗಳ ವೋಲ್ಟ್) ಎಂದಿದ್ದರೆ ವೈಂಡಿಂಗ್ ಬಲ್ಲ ಎಲೆಕ್ಟ್ರಿಷಿಯನ್ ಅದನ್ನು ಡೆಲ್ಟಾಗೆ ಬದಲಿಸಿ ಕೊಡುತ್ತಾರೆ. ಇದನ್ನು ಕೇಳದೆ ‘ಮೋಟಾರೇ ಬದಲಿಸಬೇಕು’ ಎನ್ನುವವರ ಮಾತಿಗೆ ದುಡ್ಡು ಸುರಿಯಬೇಡಿ. ಸಾಗಿಸುವಾಗ ಹೆಡ್ಡನ್ನು ತಲೆಕೆಳಗಾಗಿ ತಿರುಗಿಸಿ, ಟೇಬಲ್ಲನ್ನು ಹೊತ್ತಿರುವ ‘ನೀ’ (knee) ಭಾಗವನ್ನು ತಳಕ್ಕಿಳಿಸಿ, ಕ್ರೇನಿನಲ್ಲೇ ಎತ್ತಿಸಿ. ಟರೆಟ್ ಮಷೀನಿನ ಭಾರವೆಲ್ಲ ಮೇಲಿರುವುದರಿಂದ ಅದು ಬಲುಬೇಗ ಮಗುಚುತ್ತದೆ.

ಮೊದಲ ತಿಂಗಳು ಮೈಲ್ಡ್ ಸ್ಟೀಲ್, 10 ಮಿ.ಮೀ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಕಟ್ಟರ್, 800 ಆರ್‌ಪಿಎಂ. ಇಷ್ಟರಲ್ಲೇ ಕೈ ಪಳಗಲಿ.

ಪ್ರಶ್ನೆ: ಡ್ರಿಲ್ಲಿಂಗ್ ಮಷೀನಿಗೆ ಕ್ರಾಸ್ ವೈಸ್ (ಎರಡು ದಿಕ್ಕಿಗೆ ಸರಿಸಬಹುದಾದ ಹಿಡಿಕೆ) ಹಾಕಿದರೆ ಮಿಲ್ಲಿಂಗ್ ಆಗುವುದಿಲ್ಲವೇ?

ಆಗುವುದಿಲ್ಲ. ಡ್ರಿಲ್ ಚಕ್ಕನ್ನು ಹಿಡಿದಿರುವುದು ಬರೀ ಟೇಪರು. ಅಡ್ಡ ಒತ್ತಡ ಬಿದ್ದರೆ ತಿರುಗುತ್ತಲೇ ಕಳಚಿ ಬೀಳುತ್ತದೆ. ಇದನ್ನು ‘ಜುಗಾಡ್’ ಎಂದು ಹೇಳಿಕೊಡುವವರು ನಿಮ್ಮ ಕಣ್ಣಿಗೆ ಹೊಣೆಯಾಗುವುದಿಲ್ಲ.

ಪ್ರಶ್ನೆ: ಕಟ್ಟರ್ ತಿರುಗುವ ದಿಕ್ಕಿನಲ್ಲೇ ಜಾಬ್ (ಕೆತ್ತಬೇಕಾದ ಲೋಹ) ಕೊಟ್ಟರೆ ಫಿನಿಶ್ ಚೆನ್ನಾಗಿ ಬರುತ್ತದಂತೆ?

ಪ್ಲೇ ಇರುವ ಹಳೆಯ ಮಷೀನಿನಲ್ಲಿ ಕಟ್ಟರ್ ಟೇಬಲ್ಲನ್ನೇ ಎಳೆದುಕೊಂಡು ಮುರಿಯುತ್ತದೆ. ಎದುರು ದಿಕ್ಕಿನಲ್ಲೇ ಕೊಡಿ.

ಪ್ರಶ್ನೆ: ಚಿಪ್ಸ್ ಚುಚ್ಚುತ್ತವೆ. ಯಾವ ಗ್ಲೌಸ್ ಹಾಕಿಕೊಳ್ಳಲಿ?

ಯಾವುದೂ ಬೇಡ. ನಾನು ಕೆಲಸ ಕಲಿತ ಶೆಡ್ಡಿನಲ್ಲಿ ಒಬ್ಬ ಹುಡುಗನ ಗ್ಲೌಸು ಕಟ್ಟರ್‌ಗೆ ಸಿಕ್ಕಿ ಎರಡು ಬೆರಳು ಹೋದವು. ಮಷೀನ್ ನಿಲ್ಲಿಸಿ, ಬ್ರಷ್ಷಿನಲ್ಲಿ ಗುಡಿಸಿ.