ಜಾವಾ ಫೈಲನ್ನು ಸ್ಕ್ರಿಪ್ಟ್ ಥರ ಓಡಿಸಬಹುದಾ?

ಪ್ರಶ್ನೆ: ಕೆಲಸದಲ್ಲಿ ನಾನು ಜಾವಾ ಬರೆಯುತ್ತೇನೆ. ಲಾಗ್ ಫೈಲಿನಿಂದ ನಾಲ್ಕು ಸಾಲು ಹೆಕ್ಕೋ ಕೆಲಸಕ್ಕೂ ಕಂಪೈಲ್ ಮಾಡು (ಬರೆದ ಕೋಡನ್ನು ಓಡಿಸಬಲ್ಲ ರೂಪಕ್ಕೆ ಬದಲಿಸು), ರನ್ ಮಾಡು, ಆಮೇಲೆ ಅದರಿಂದ ಹುಟ್ಟಿದ ಕ್ಲಾಸ್ ಫೈಲ್ ಅಳಿಸು, ಇದೇ ಆಗಿದೆ. ಇದಕ್ಕಾಗಿ ಪೈಥಾನ್ ಕಲಿಯಬೇಕಾ? ಗೋ, ಸಿ ಬರೆಯೋರು ಏನು ಮಾಡ್ತಾರೆ?

ಉತ್ತರ: ಇಷ್ಟಕ್ಕೇ ಪೈಥಾನ್ ಕಲಿಯಬೇಕಾಗಿಲ್ಲ. 2018ರಲ್ಲಿ ಬಂದ ಜಾವಾ 11ರಿಂದಲೇ, ಜಾವಾ ಕಮಾಂಡ್‌ಗೆ ನೇರವಾಗಿ ಸೋರ್ಸ್ ಫೈಲಿನ (ನೀವು ಬರೆದ ಕೋಡ್ ಫೈಲಿನ) ಹೆಸರು ಕೊಟ್ಟರೆ ಸಾಕು. ಅದು ಮೆಮೊರಿಯಲ್ಲೇ ಕಂಪೈಲ್ ಮಾಡಿ ಓಡಿಸುತ್ತದೆ, ಕ್ಲಾಸ್ ಫೈಲ್ ಡಿಸ್ಕ್‌ಗೆ ಬರುವುದೇ ಇಲ್ಲ. ಆಗ ಒಂದೇ ಫೈಲಿಗೆ ಸೀಮಿತವಾಗಿತ್ತು, 2024ರ ಜಾವಾ 22ರಿಂದ ಒಂದು ಫೈಲು ಪಕ್ಕದ ಫೈಲುಗಳನ್ನೂ ಕರೆಯಬಹುದು. ಜಾವಾ 25 ಇದ್ದರಂತೂ ಸುತ್ತ ಕ್ಲಾಸ್ ಬರೆಯೋದೂ ಬೇಡ, ಬರೀ ಮೇನ್ ಮೆಥಡ್ ಸಾಕು. ಎಷ್ಟೋ ಜನ ಇದನ್ನೆಲ್ಲ ಒಮ್ಮೆಯೂ ಬಳಸದೇ ಹಳೇ ದಾರಿಯಲ್ಲೇ ಒದ್ದಾಡುತ್ತಿದ್ದಾರೆ ಅನ್ನೋದು ನನಗೆ ನಿಜಕ್ಕೂ ಬೇಸರದ ವಿಷಯ.

ಫೈಲಿನ ಹೆಸರನ್ನೇ ಕಮಾಂಡ್ ಥರ ಟೈಪ್ ಮಾಡಬೇಕು ಅಂದರೆ ಮೊದಲ ಸಾಲಿಗೆ ಶೆಬ್ಯಾಂಗ್ (ಫೈಲನ್ನು ಯಾವ ಪ್ರೋಗ್ರಾಂ ಓಡಿಸಬೇಕು ಅಂತ ಹೇಳೋ ಗುರುತು) ಹಾಕಿ, ಅಂದರೆ #! ಬರೆದು ಮುಂದೆ ಜಾವಾದ ಪೂರ್ತಿ ಪಾತ್ (ಅದು ಇರುವ ಜಾಗ) ಮತ್ತು ಸೋರ್ಸ್ ಆಪ್ಷನ್. ಆದರೆ ಹೆಸರಿನ ಕೊನೆಯಲ್ಲಿ ಡಾಟ್ ಜಾವಾ ಇರಬಾರದು, ಇದ್ದರೆ ಹ್ಯಾಶ್ ಕಂಡ ಕೂಡಲೇ ಎರರ್ ಬರುತ್ತದೆ. ಪಾತ್ ಬದಲು, ಪ್ರೋಗ್ರಾಂ ಎಲ್ಲಿದೆ ಅಂತ ತಾನೇ ಹುಡುಕಿ ಓಡಿಸುವ ಎನ್ವ್ ಕಮಾಂಡ್ ಬಳಸುವವರಿಗೆ ಇನ್ನೊಂದು ತೊಡಕು: ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಆ ಸಾಲಿನಲ್ಲಿ ಪ್ರೋಗ್ರಾಂ ಹೆಸರಾದ ಮೇಲೆ ಉಳಿದದ್ದನ್ನೆಲ್ಲ ಒಂದೇ ಆರ್ಗ್ಯುಮೆಂಟ್ ಅಂತ ಕಟ್ಟಿ ಕೊಡುತ್ತದೆ, ಹಾಗಾಗಿ ಎನ್ವ್ ಆ ಇಡೀ ಉದ್ದದ ಹೆಸರಿನ ಪ್ರೋಗ್ರಾಂ ಹುಡುಕಿ ಸಿಗಲಿಲ್ಲ ಅನ್ನುತ್ತದೆ. ಎನ್ವ್‌ಗೆ ಕ್ಯಾಪಿಟಲ್ ಎಸ್ ಆಪ್ಷನ್ ಕೊಟ್ಟರೆ ಆ ಕಟ್ಟನ್ನು ಬಿಡಿ ಬಿಡಿ ಮಾಡಿಕೊಳ್ಳುತ್ತದೆ.

ಗೋ ವಿಷಯ ಸ್ವಲ್ಪ ಬೇರೆ. ಕಂಪೈಲ್ ಮಾಡಿ ಆಗಲೇ ಓಡಿಸುವ ‘ಗೋ ರನ್’ ಇದೆ, ಆದರೆ ಗೋ ಭಾಷೆಗೆ ಶೆಬ್ಯಾಂಗ್ ಸಾಲು ಆಗಿಬರುವುದಿಲ್ಲ. ಅದಕ್ಕೆ ಜನ ಒಂದು ಚಂದದ ಉಪಾಯ ಕಂಡುಕೊಂಡಿದ್ದಾರೆ. ಮೊದಲ ಸಾಲನ್ನು ಎರಡು ಸ್ಲ್ಯಾಶ್‌ನಿಂದ ಶುರು ಮಾಡಿ ಎನ್ವ್‌ನ ಪಾತ್ ಬರೆದು, ಗೋ ರನ್ ಕರೆದು, ಕೊನೆಗೆ ಎಕ್ಸಿಟ್ ಹಾಕುತ್ತಾರೆ. ಗೋಗೆ ಅದು ಕಾಮೆಂಟ್, ಶೆಲ್‌ಗೆ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಂಗೆ) ಅದೇ ಕಮಾಂಡ್! ಕರ್ನಲ್‌ಗೆ ಇಂಥ ಫೈಲ್ ಗುರುತು ಸಿಗುವುದಿಲ್ಲ, ಆಗ ಶೆಲ್ ತಾನೇ ಅದನ್ನು ಶೆಲ್ ಸ್ಕ್ರಿಪ್ಟ್ ಅಂತ ಓದುತ್ತದೆ, ಅಷ್ಟೇ ಗುಟ್ಟು. ಹಾಗಾಗಿ ಲಿನಕ್ಸ್‌ನಲ್ಲಿ ಹಿನ್ನೆಲೆಯ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಥರ ಶೆಲ್ ಇಲ್ಲದೆ ನೇರ ಓಡಿಸುವ ಕಡೆ ಇದು ನಡೆಯಲ್ಲ. ಇನ್ನೊಂದು, ನಿಮ್ಮ ಪ್ರೋಗ್ರಾಂ 3 ಅಂತ ಎಕ್ಸಿಟ್ ಕೋಡ್ (ಕೆಲಸ ಹೇಗೆ ಮುಗಿಯಿತು ಅಂತ ಹೇಳೋ ಅಂಕಿ) ಕೊಟ್ಟರೂ ಗೋ ರನ್ ಹೊರಗೆ ಕೊಡೋದು 1. ಆ ಕೋಡ್ ನೋಡಿ ಮುಂದಿನ ಹೆಜ್ಜೆ ನಿರ್ಧರಿಸುವ ಸ್ಕ್ರಿಪ್ಟ್ ಇದ್ದರೆ ಸುಮ್ನೆ ತಲೆಕೆಡುತ್ತದೆ, ಅಂಥಲ್ಲಿ ಮೊದಲೇ ಬಿಲ್ಡ್ ಮಾಡಿ, ಬಂದ ಪ್ರೋಗ್ರಾಂ ಓಡಿಸಿಬಿಡಿ.

ಸಿ ಬರೆಯುವವರಿಗೆ ಫ್ಯಾಬ್ರಿಸ್ ಬೆಲ್ಲಾರ್ ಬರೆದ ಟಿಸಿಸಿ ಎಂಬ ಪುಟ್ಟ ಕಂಪೈಲರ್ ಇದೆ. ಅದರ ‘ರನ್’ ಆಪ್ಷನ್ನನ್ನು ಶೆಬ್ಯಾಂಗ್‌ನಲ್ಲಿ ಹಾಕಿದರೆ ಸಿ ಫೈಲೇ ಸ್ಕ್ರಿಪ್ಟ್. ಆಪ್ಟಿಮೈಸೇಶನ್ (ಕೋಡ್ ವೇಗವಾಗಿ ಓಡುವಂತೆ ತಿದ್ದುವ ಕೆಲಸ) ಹೆಚ್ಚಿಲ್ಲದ್ದರಿಂದ ಕಂಪೈಲ್ ಬಲು ಬೇಗ ಮುಗಿಯುತ್ತದೆ. 2004ರಲ್ಲಿ ಬೆಲ್ಲಾರ್ ಇದರಿಂದ ಲಿನಕ್ಸ್ ಕರ್ನಲ್ಲನ್ನೇ ಸೋರ್ಸ್‌ನಿಂದ ಕಂಪೈಲ್ ಮಾಡಿ ಬೂಟ್ ಮಾಡಿ ತೋರಿಸಿದ್ದರು.

ಇದೆಲ್ಲದರಲ್ಲೂ ಕಂಪೈಲ್ ಆಗೋದು ತಪ್ಪೋದಿಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೇ. ಗೋ 1.24ರಿಂದ ಗೋ ರನ್ ತಯಾರಿಸಿದ ಪ್ರೋಗ್ರಾಂ ಕ್ಯಾಶ್‌ನಲ್ಲಿ (ಮತ್ತೆ ಬಳಸಲು ಎತ್ತಿಡುವ ಜಾಗದಲ್ಲಿ) ಉಳಿಯುತ್ತದೆ, ಆದರೆ ನಿಮ್ಮ ಜಾವಾ ಫೈಲ್ ಪ್ರತಿ ಸಲವೂ ಹೊಸದಾಗಿ ಕಂಪೈಲ್ ಆಗುತ್ತದೆ. ಕೈಯಲ್ಲಿ ಆಗಾಗ ಓಡಿಸೋ ಲಾಗ್ ಕೆಲಸಕ್ಕೆ ಅದು ಲೆಕ್ಕಕ್ಕೇ ಬರಲ್ಲ. ಅದೇ ನಿಮಿಷಕ್ಕೊಮ್ಮೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನಾಗೇ ಓಡಿಸೋ ಸಾಧನದಲ್ಲಿ) ಓಡಬೇಕಾದರೆ, ಅಥವಾ ಕಂಪೈಲರ್ ಇಲ್ಲದೆ ಬರೀ ರನ್‌ಟೈಮ್ ಇರುವ ಸರ್ವರ್‌ಗೆ ಹೋಗಬೇಕಾದರೆ ಮೊದಲೇ ಕಂಪೈಲ್ ಮಾಡಿ ಜಾರ್ (ಕ್ಲಾಸ್ ಫೈಲುಗಳ ಒಂದೇ ಕಟ್ಟು) ಮಾಡಿ ಇಡಿ.