ಸ್ಪ್ಯಾನರ್ ಎಲ್ಲಿಂದ ಬಂತು? ಸಂಸ್ಕೃತದಿಂದ ಖಂಡಿತ ಅಲ್ಲ

ಆಯುಧ ಪೂಜೆ ಮುಗಿದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಿಗೆ ಗ್ರೀಸ್ ಮೆತ್ತಿಕೊಳ್ಳುತ್ತದೆ. ಪ್ರತಿ ವರ್ಷ ಅದೇ ಪ್ರಶ್ನೆಗಳು. ಅವುಗಳ ಹಿಂದೆ ಮೊಬೈಲ್‌ನಲ್ಲಿ ಹರಿದಾಡಿದ ಅದೇ ಅಂತೆಕಂತೆಗಳು. ಈ ಬಾರಿ ಒಟ್ಟಿಗೆ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಸೆಟ್ಟಿಗೆ ಕುಂಕುಮ ಇಟ್ಟು ಪೂಜೆ ಮಾಡಿದೆವು. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು, ‘ಸ್ಪ್ಯಾನರ್ ಎಂಬ ಶಬ್ದ ಸಂಸ್ಕೃತದ ಸ್ಪಂದನದಿಂದ ಹುಟ್ಟಿದ್ದು’ ಎಂದು ಭಾಷಣ ಮಾಡಿದರು. ಐಟಿಐಯಲ್ಲಿ ನಮ್ಮ ಮೇಷ್ಟರು, ‘ಗೇಣುದ್ದ ಇರುವುದರಿಂದ ಸ್ಪ್ಯಾನರ್’ ಎಂದಿದ್ದರು. ಯಾವುದು ಸರಿ? ಅಲ್ಲದೆ ಸ್ಪ್ಯಾನರ್ ಆಯುಧ ಹೇಗಾಗುತ್ತದೆ? – ಒಬ್ಬ ಫಿಟ್ಟರ್, ಪೀಣ್ಯ

ಉತ್ತರ: ಹಿರಿಯರು ಹೇಳಿದ್ದು ತಪ್ಪು. ಮೇಷ್ಟರು ಹೇಳಿದ್ದೂ ತಪ್ಪೇ, ಆದರೆ ಅವರು ಸರಿಯಾದ ಬೀದಿಗೆ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ್ದಾರೆ.

ಸ್ಪ್ಯಾನರ್ ಹುಟ್ಟಿದ್ದು ನಟ್ಟು ಬೋಲ್ಟಿಗಾಗಿ ಅಲ್ಲ, ಬಂದೂಕಿಗಾಗಿ. ಹಳೆಯ ಬಂದೂಕಿನ ಮದ್ದಿಗೆ ಬೆಂಕಿ ಮುಟ್ಟಿಸುವುದೇ ದೊಡ್ಡ ತಾಪತ್ರಯವಾಗಿತ್ತು. ಉರಿಯುವ ಬತ್ತಿಯನ್ನು ಕೈಯಲ್ಲಿ ಹಿಡಿದು ಕುದುರೆ ಓಡಿಸುವುದು ಎಷ್ಟು ಸುಲಭವೆಂದು ನೀವೇ ಊಹಿಸಿ. ಯುರೋಪಿನ ಕಸುಬುದಾರರು 16ನೆಯ ಶತಮಾನದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ವೀಲ್‌ಲಾಕ್ ಎಂದು ಅದರ ಹೆಸರು. ಬಂದೂಕಿನ ಪಕ್ಕಕ್ಕೆ ಒಂದು ಪುಟ್ಟ ಉಕ್ಕಿನ ಚಕ್ರ. ಅದರ ಅಂಚಿನ ತುಂಬ ಗೀರುಗಳು. ಚಕ್ರದ ಅಚ್ಚಿನ ತುದಿ ಮಾತ್ರ ಚೌಕ. ಆ ಚೌಕಕ್ಕೆ ಸರಿಯಾಗಿ ಕೂರುವ ಚೌಕ ತೂತಿನ ಕೀಲಿಯೊಂದನ್ನು ಹಾಕಿ ಮುಕ್ಕಾಲು ಸುತ್ತು ತಿರುಗಿಸಿದರೆ, ಸಣ್ಣ ಸರಪಳಿ ಅಚ್ಚಿಗೆ ಸುತ್ತಿಕೊಂಡು ಒಳಗಿನ ಸ್ಪ್ರಿಂಗನ್ನು ಬಿಗಿಯುತ್ತದೆ. ಟ್ರಿಗರ್ ಎಳೆದೊಡನೆ ಚಕ್ರ ಗಿರ್ರನೆ ತಿರುಗಿ ಪೈರೈಟ್ ಕಲ್ಲಿಗೆ ಉಜ್ಜುತ್ತದೆ, ಕಿಡಿ ಹಾರುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ. ಮತ್ತೊಂದು ಗುಂಡು ಹೊಡೆಯಬೇಕೆಂದರೆ ಮತ್ತೆ ಕೀಲಿ ಹಾಕಬೇಕು. ಕೀಲಿ ಕಳೆದುಕೊಂಡ ಸೈನಿಕನ ಕೈಯಲ್ಲಿ ಉಳಿಯುವುದು ದುಬಾರಿ ದೊಣ್ಣೆ. ಹಾಗಾಗಿ ಅದನ್ನು ಅವನು ಮೈಗೇ ತೂಗುಹಾಕಿಕೊಳ್ಳುತ್ತಿದ್ದ. ಕೆಲವು ಕೀಲಿಗಳ ಹಿಡಿಯನ್ನೇ ಪೊಳ್ಳಾಗಿಸಿ ಮದ್ದಿನ ಅಳತೆಗೂ ಬಳಸುತ್ತಿದ್ದರು.

ಈ ಕೀಲಿಯೇ ಸ್ಪ್ಯಾನರ್. ಜರ್ಮನ್ ಭಾಷೆಯಲ್ಲಿ ‘ಶ್ಪಾನೆನ್’ ಎಂದರೆ ಎಳೆದು ಬಿಗಿಮಾಡು. ಬಿಲ್ಲಿಗೆ ಸಂಬಂಧಿಸಿಯೂ ಅವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಇಂಗ್ಲಿಷಿನಲ್ಲಿ ಈ ಶಬ್ದ ಕಾಣಿಸಿಕೊಳ್ಳುವುದು 1630ರ ದಶಕದಲ್ಲಿ. ಜರ್ಮನಿಯ ನೆಲದಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲ ಅದು. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಸೈನಿಕರೂ ಅಲ್ಲಿ ಕಾದಾಡಿದ್ದರು. ಮುಂದೆ ಆ ಬಂದೂಕು ಮೂಲೆಗೆ ಸೇರಿತು. ಆದರೆ ಚೌಕಕ್ಕೆ ಚೌಕ ಸಿಕ್ಕಿಸಿ ತಿರುಗಿಸುವ ಕೆಲಸ ಎಲ್ಲಿ ಹೋದೀತು? 1790ರ ಹೊತ್ತಿಗೆ ನಟ್ಟು ತಿರುಗಿಸುವ ಸಲಕರಣೆಗೂ ಅದೇ ಹೆಸರು ಅಂಟಿಕೊಂಡಿತು.

ಇನ್ನು ಮೇಷ್ಟರ ಗೇಣು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಒಂಬತ್ತು ಇಂಚಿನ ‘ಸ್ಪ್ಯಾನ್’ ಇಂಗ್ಲಿಷಿನಲ್ಲಿ ಬಹಳ ಹಳೆಯದು. ಎರಡೂ ಶಬ್ದಗಳ ಬೇರು ಒಂದೇ, ಎಳೆ ಅಥವಾ ಹಿಗ್ಗಿಸು ಎಂಬ ಅರ್ಥದ್ದು. ದಾಯಾದಿಗಳು ಎನ್ನಿ, ಒಪ್ಪುತ್ತೇನೆ. ಆದರೆ ಸಲಕರಣೆಗೆ ಹೆಸರು ಬಂದದ್ದು ಅದರ ಉದ್ದದಿಂದಲ್ಲ. ನಿಮ್ಮ ಸೆಟ್ಟಿನ ಆರು-ಏಳು ನಂಬರಿನದು ಗೇಣಿಗೆ ಎಷ್ಟು ಕಡಿಮೆ ಬೀಳುತ್ತದೆ, ಲಾರಿ ಚಕ್ರದ ಸ್ಪ್ಯಾನರ್ ಎಷ್ಟು ಗೇಣು ಬರುತ್ತದೆ ಎಂದು ಅಳೆದು ನೋಡಿ.

ಹಿರಿಯರ ‘ಸ್ಪಂದನ’ದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಸ್ಪಂದನ ಎಂದರೆ ಮಿಡಿಯುವುದು, ಅದುರುವುದು. ಸ್ಪ್ಯಾನರಿನ ಕೆಲಸ ನಟ್ಟು ಅದುರದಂತೆ ನೋಡಿಕೊಳ್ಳುವುದು! ಎರಡು ಶಬ್ದ ಕಿವಿಗೆ ಒಂದೇ ತರಹ ಕೇಳಿಸಿದೊಡನೆ ನಂಟು ಕುದುರಿಸುವ ಕಿವಿ-ಪಂಡಿತರು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಸಂಸ್ಕೃತ ಬೇಡವೆನ್ನುವವರು ಅದನ್ನೇ ಕನ್ನಡದ ಹೆಸರಿನಲ್ಲಿ ಮಾಡುತ್ತಾರೆ. ಅವರನ್ನು ಮೂರು ಪ್ರಶ್ನೆ ಕೇಳಿ: ಈ ಶಬ್ದ ಮೊದಲು ಯಾವ ಕಾಲದ ಬರಹದಲ್ಲಿ ಸಿಗುತ್ತದೆ? ಬಳಸಿದವರು ಯಾರು? ಯಾವ ವಸ್ತುವಿಗೆ? ಉತ್ತರ ಬರದಿದ್ದರೆ ಶಾಲು ಹೊದಿಸಿ ಕಳಿಸಿಕೊಡಿ. ಅವರ ಪಟ್ಟಿಯನ್ನು ನನಗೆ ಕಳಿಸಬೇಡಿ.

ಪೂಜೆಯ ವಿಚಾರ: ಆಯುಧ ಪೂಜೆಯಲ್ಲಿ ಕಸುಬಿನ ಸಲಕರಣೆಗಳೆಲ್ಲ ಆಯುಧಗಳೇ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಷ್ಟಕ್ಕೂ ಯಾರಾದರೂ ತಕರಾರು ತೆಗೆದರೆ, ಹುಟ್ಟಿನಿಂದಲೇ ಬಂದೂಕಿನ ಜೊತೆಗಿದ್ದದ್ದು ಎಂದು ಹೇಳಿ ಬಾಯಿ ಮುಚ್ಚಿಸಿ.

ಜರ್ಮನ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಈ ಇತಿಹಾಸ ಓದಿದ ಉತ್ಸಾಹದಲ್ಲಿ ಅಲ್ಲಿಂದ ಬಂದ ಎಂಜಿನಿಯರ್ ಬಳಿ ‘ಶ್ಪಾನರ್’ ಕೇಳಲು ಹೋಗಬೇಡಿ. ಇಂದಿನ ಆಡುಮಾತಿನಲ್ಲಿ ಅದು ಕಿಟಕಿಯಲ್ಲಿ ಕದ್ದು ಇಣುಕುವ ಚಪಲದವನ ಹೆಸರು. ಸಲಕರಣೆಗೆ ಅವರು ‘ಸ್ಕ್ರೂ ಕೀಲಿ’ ಎಂಬರ್ಥದ ಬೇರೆಯೇ ಶಬ್ದ ಇಟ್ಟುಕೊಂಡಿದ್ದಾರೆ.

ಪ್ರಶ್ನೆ: ನಮ್ಮ ಬೈಕ್ ಮೆಕ್ಯಾನಿಕ್ ‘ಸ್ಪ್ಯಾನರ್’ ಎನ್ನುತ್ತಾನೆ, ಪ್ಲಂಬರ್ ‘ರೆಂಚ್’ ಎನ್ನುತ್ತಾನೆ. ಯಾರು ಸರಿ? – ಗೃಹಿಣಿ, ಜಯನಗರ

ಉತ್ತರ: ಇಬ್ಬರೂ. ಬ್ರಿಟಿಷರು ಸ್ಪ್ಯಾನರ್ ಎಂದದ್ದನ್ನು ಅಮೆರಿಕದವರು ರೆಂಚ್ ಎಂದರು. ಪ್ಲಂಬರ್ ಹಿಡಿಯುವ ಪೈಪ್ ರೆಂಚ್ ಅಮೆರಿಕದ ಡ್ಯಾನಿಯಲ್ ಸ್ಟಿಲ್ಸನ್ 1869ರಲ್ಲಿ ಪೇಟೆಂಟ್ ಪಡೆದ ಮಾದರಿ. ಅದರ ಹೆಸರು ರೆಂಚ್ ಎಂದೇ ಉಳಿದಿದೆ. ಹಳೆಯ ಇಂಗ್ಲಿಷಿನಲ್ಲಿ ರೆಂಚ್ ಎಂಬುದರ ಮೂಲರೂಪಕ್ಕೆ ತಿರುಚು ಎಂಬ ಅರ್ಥದ ಜೊತೆಗೆ ಮೋಸ, ತಂತ್ರ ಎಂಬ ಅರ್ಥವೂ ಇತ್ತು. ಇದನ್ನು ನಿಮ್ಮ ಪ್ಲಂಬರ್ ಕೊಡುವ ಬಿಲ್ಲಿಗೆ ಜೋಡಿಸಬೇಡಿ.

ಪ್ರಶ್ನೆ: ಕಪ್ಪುವರ್ಣೀಯ ಬಾಕ್ಸರ್ ಜಾಕ್ ಜಾನ್ಸನ್, ಬಾಯಿ ಹಿಗ್ಗಿಸಬಹುದಾದ ರೆಂಚನ್ನು ಕಂಡುಹಿಡಿದದ್ದರಿಂದ ಬಿಳಿಯರು ಅದಕ್ಕೆ ಅವಮಾನಿಸಲು ‘ಮಂಕಿ ರೆಂಚ್’ ಎಂದು ಹೆಸರಿಟ್ಟರಂತೆ. ನಿಜವೇ? – ವಿದ್ಯಾರ್ಥಿ, ಬಸವನಗುಡಿ

ಉತ್ತರ: ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವವರು ಇರುವವರೆಗೂ ಈ ಸಂದೇಶ ಸಾಯುವುದಿಲ್ಲ. ಜಾನ್ಸನ್ ದೊಡ್ಡ ಬಾಕ್ಸರ್. ಜನಾಂಗೀಯ ದ್ವೇಷವನ್ನು ಅವರು ಅನುಭವಿಸಿದ್ದೂ ನಿಜ. 1922ರಲ್ಲಿ ಒಂದು ಬಗೆಯ ರೆಂಚ್‌ಗೆ ಪೇಟೆಂಟ್ ಪಡೆದದ್ದೂ ನಿಜ. ಆದರೆ ‘ಮಂಕಿ ರೆಂಚ್’ ಎಂಬ ಹೆಸರು 1807ರಲ್ಲೇ ಸಿಗುತ್ತದೆ. ಜಾನ್ಸನ್ ಹುಟ್ಟಿದ್ದು 1878ರಲ್ಲಿ. ಬಾಲ್ಟಿಮೋರಿನ ಚಾರ್ಲ್ಸ್ ಮಂಕಿ ಎಂಬಾತ 1858ರ ಸುಮಾರಿಗೆ ಕಂಡುಹಿಡಿದ ಎಂಬ ಇನ್ನೊಂದು ಕಥೆಯೂ ಇದೇ ತಾರೀಖಿನ ಮುಂದೆ ಮಕಾಡೆ ಬೀಳುತ್ತದೆ. ಹಡಗಿನವರು ಪುಟ್ಟ, ಹಗುರ ಸಾಮಾನುಗಳಿಗೆ ‘ಮಂಕಿ’ ಎಂದು ಸೇರಿಸುವುದು ರೂಢಿಯಾಗಿತ್ತು. ಸಲಕರಣೆಗೆ ಮನಬಂದ ಹೆಸರಿಡುವುದರಲ್ಲಿ ಯಾವ ದೇಶದವರೂ ಹಿಂದೆ ಬಿದ್ದಿಲ್ಲ: ಬಾಯಿ ಹಿಗ್ಗಿಸುವ ಸ್ಪ್ಯಾನರಿಗೆ ಫ್ರೆಂಚರು ‘ಇಂಗ್ಲಿಷ್ ಕೀಲಿ’ ಎನ್ನುತ್ತಾರೆ, ಜರ್ಮನ್ನರು ನೇರವಾಗಿ ‘ಇಂಗ್ಲಿಷಿನವ’ ಎಂದೇ ಕರೆದರು.

ಪ್ರಶ್ನೆ: ಕಾರು ಎತ್ತುವ ಜಾಕ್ ಯಾವ ವಿಜ್ಞಾನಿಯ ಹೆಸರು? – ಯಲಹಂಕ

ಉತ್ತರ: ಯಾವ ವಿಜ್ಞಾನಿಯದೂ ಅಲ್ಲ. ಇಂಗ್ಲಿಷರಲ್ಲಿ ಜಾಕ್ ಎಂದರೆ ಯಾರೋ ಒಬ್ಬ ಆಳು. ಆಳಿನ ಕೆಲಸ ಮಾಡುವ ಯಂತ್ರಕ್ಕೂ ಅದೇ ಹೆಸರು.

ಪ್ರಶ್ನೆ: ‘ಕಟಿಂಗ್ ಪ್ಲೇಯರ್’ ತಪ್ಪಲ್ಲವೇ? – ನಿವೃತ್ತ ಶಿಕ್ಷಕ, ಮಲ್ಲೇಶ್ವರ

ಉತ್ತರ: ತಪ್ಪು. ಮಡಚು ಎಂಬರ್ಥದ ಫ್ರೆಂಚ್ ಶಬ್ದದಿಂದ ಬಂದ ‘ಪ್ಲೈಯರ್ಸ್’ ಸರಿ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಹಾಗೆ ಕೇಳಿ ನೋಡಿ, ಕೌಂಟರಿನ ಹುಡುಗ ನಿಮ್ಮನ್ನೇ ತಿದ್ದುತ್ತಾನೆ.

ಪ್ರಶ್ನೆ: ಸ್ಪ್ಯಾನರಿಗೆ ಒಂದು ಅಚ್ಚಗನ್ನಡ ಶಬ್ದ ಸೂಚಿಸಿ. – ಹಲವರು

ಉತ್ತರ: ಸೂಚಿಸುವುದಿಲ್ಲ. ಗ್ಯಾರೇಜಿನಲ್ಲಿ ‘ಹನ್ನೆರಡು-ಹದಿಮೂರು ಕೊಡು’ ಎಂದು ಬರೀ ನಂಬರ್ ಹೇಳಿದರೆ ಸರಿಯಾದದ್ದೇ ಕೈಗೆ ಬರುತ್ತದೆ.