ಬೋಟ್ ಇಲ್ಲದ ದಿನಗಳು

ಜೂನ್ ಎರಡನೇ ವಾರ, ಕಾರವಾರದಲ್ಲಿ ಜಡಿಮಳೆ. ಒದ್ದೆ ಕೊಡೆ ಒಳಗಿಡಲೋ ಹೊರಗಿಡಲೋ ಎಂದು ನನ್ನ ಬಾಗಿಲಲ್ಲೇ ನಿಂತವರು ಸವಿತಾ, ಸಲಹೆ ಕೇಳಲು ಬಂದವರು. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಬೈತಖೋಲ ಬಂದರಿನ ಹತ್ತಿರ ಮೀನುಗಾರಿಕೆ ಬೋಟ್ ಮಾಲೀಕರೊಬ್ಬರ ಆಫೀಸಲ್ಲಿ ಲೆಕ್ಕ ಬರೆಯುತ್ತಾರೆ.

"ಸೀಸನ್ನಲ್ಲಿ ಊಟಕ್ಕೂ ಪುರುಸೊತ್ತಿಲ್ಲ ಅಕ್ಕೋರೆ. ಈಗ ಸಂಜೆ ಎಂತ ಮಾಡ್ದೆ ಅಂತ ಕೇಳಿದ್ರೆ ಹೇಳೂಕೆ ಎಂತದೂ ಇಲ್ಲ. ಸಂಬಳ ಸುಮ್ನೆ ತಗೊಂಡಂಗೆ ಆಗ್ತದೆ."

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟ್ ಕಡಲಿಗಿಳಿಯುವಂತಿಲ್ಲ. ಹಾಗಂತ ಕೆಲಸ ಇಲ್ಲ ಅಂತಲ್ಲ. ಡೀಸೆಲ್ ಬಿಲ್ಲು, ಐಸ್ ಬಾಕಿ, ಬೋಟಿನಲ್ಲಿ ದುಡಿಯುವ ಖಲಾಸಿಗಳ ಮುಂಗಡ, ಎಲ್ಲ ತಾಳೆ ನೋಡುವುದಿದೆ. ಇಂಥ ದಿನವೇ ಬೇಕು ಎಂದು ಕೇಳುವವರಿಲ್ಲ, ಅಷ್ಟೇ.

ನಿದ್ದೆ, ಹಸಿವು ವಿಚಾರಿಸಿದೆ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಹಾಗೇನೂ ಇರಲಿಲ್ಲ.

ಮೊದಲ ಸಲ ನಾನೇ ತಪ್ಪಿದೆ. ಅರ್ಧರ್ಧ ಗಂಟೆಯ ವೇಳಾಪಟ್ಟಿ ಬರೆಸಿ ಕಳಿಸಿದೆ. ಎರಡೇ ದಿನಕ್ಕೆ ಅದು ರಿಜಿಸ್ಟರಿನಡಿ ಸೇರಿತು.

ಮುಂದಿನ ವಾರ, "ನಿನ್ನೆಯ ದಿನ ಹೇಗಿತ್ತು, ಒಂದೂ ಬಿಡದೆ ಹೇಳಿ" ಎಂದೆ. ಒಂಬತ್ತೂವರೆಗೆ ಶಟರ್ ಎತ್ತಿದ್ದಾರೆ. ಡೀಸೆಲ್ ಬಿಲ್ಲಿನ ಕಟ್ಟು ಬಿಚ್ಚಿದ್ದಾರೆ. ಏಳು ಬಿಲ್ಲು ಆಗುವಷ್ಟರಲ್ಲಿ ಒಂದರ ಬೋಟ್ ನಂಬರು ನೀರು ತಾಗಿ ಅಳಿಸಿತ್ತು. ಬೋಟ್ ನಡೆಸುವ ತಾಂಡೇಲನಿಗೆ ಫೋನ್ ಮಾಡಿ ಕೇಳಬೇಕು. "ಇಡೀ ದಿನ ಇದ್ಯಲ್ಲ" ಅನ್ನಿಸಿತು. ಫೋನ್ ಕೈಗೆ ಬಂದದ್ದು ಹೌದು. ಆದರೆ ತೆರೆದದ್ದು ರೀಲ್ಸ್. ಕಟ್ಟು ಸಂಜೆವರೆಗೂ ಹಾಗೇ ಮೇಜಿನ ಮೇಲೆ.

ಆಗ ನನಗೆ ಹೊಳೆಯಿತು. ಇವರು ಗಡಿಯಾರ ನೋಡಿ ಕೆಲಸ ಮಾಡಿದವರೇ ಅಲ್ಲ. ಬೋಟ್ ಬಂದರೆ ಏಳುತ್ತಾರೆ, ಯಾರೋ ಕಾಯುತ್ತಿದ್ದರೆ ಬರೆಯುತ್ತಾರೆ. ಸೋಮಾರಿತನ ಅಲ್ಲ ಇದು. ಕರೆಯುವವರಿಲ್ಲದ ಖಾಲಿತನ.

ಹಾಗಾಗಿ ವೇಳಾಪಟ್ಟಿ ಹರಿದು ಹಾಕಿಸಿದೆ. ದಿನಕ್ಕೆ ಒಂದೇ ಕೆಲಸ, ಅದೂ ಒಬ್ಬರ ಕೈಗೆ ಸೇರುವಂಥದ್ದು. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಬೋಟಿನ ಡೀಸೆಲ್ ಲೆಕ್ಕ ಮಾಲೀಕರ ಮೇಜಿಗೆ ಹೋಗಬೇಕು. ಬರುತ್ತದೆ ಎಂದು ಅವರಿಗೆ ಬೆಳಿಗ್ಗೆಯೇ ಹೇಳಿಡಬೇಕು. ಶುರು ಮಾಡುವುದಕ್ಕೂ ಗಂಟೆ ಬೇಡ: ಚಹಾದ ಹುಡುಗ ಲೋಟ ಇಟ್ಟು ಹೋದ ಕೂಡಲೇ ಮೊದಲ ಬಿಲ್ಲು. "ಇದಾದಾಗ ಅದು" ಎಂದು ಹೀಗೆ ಗಂಟು ಹಾಕಿಟ್ಟ ಕೆಲಸ ಶುರುವಾಗುವ ಸಾಧ್ಯತೆ ಜಾಸ್ತಿ ಎಂದು ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ತೋರಿಸಿದ್ದಾರೆ. ಸಂಜೆ ಹೊರಡುವಾಗ ನಾಳೆಯ ಮೊದಲ ಹೆಜ್ಜೆ ಒಂದು ಚೀಟಿಯಲ್ಲಿ: "ತಾಂಡೇಲನಿಗೆ ಫೋನ್, ಬಿಲ್ಲು ಎಂಟು". ಊಟದ ನಂತರ ಸುಮ್ಮನೆ ಕೂತರೆ ಕೂರಲಿ. ಸೀಸನ್ನಲ್ಲಿ ರಾತ್ರಿ ಎಂಟರವರೆಗೆ ದುಡಿದವರು, ಅಲ್ವಾ?

ಮಾಲೀಕರಿಗೆ ಹೇಳುವುದಕ್ಕೇ ಅವರು ನಾಲ್ಕು ದಿನ ಹಿಂಜರಿದರು. "ಇಷ್ಟು ದಿನ ಮಾಡಿಲ್ವಾ ಅಂತ ಕೇಳಿದ್ರೆ?" ಮಾಲೀಕರು ಹಾಗೆ ಕೇಳಲಿಲ್ಲವಂತೆ.

ಜುಲೈ ಕೊನೆಗೆ ಬಂದಾಗ ಐದು ಬೋಟಿನಲ್ಲಿ ನಾಲ್ಕರ ಲೆಕ್ಕ ಮುಗಿದಿತ್ತು. ಐಸ್ ಬಾಕಿಗೆ ಕೈ ಹಚ್ಚಿರಲಿಲ್ಲ. ಮುಂದಿನ ಭೇಟಿ ಯಾವಾಗ ಎಂದೆ.

"ಆಗಸ್ಟ್ ಒಂದರ ಮೇಲೆ ಬರೂಕೆ ಆಗೂದಿಲ್ಲ ಅಕ್ಕೋರೆ," ಎಂದು ಕೊಡೆ ಬಿಡಿಸಿದರು.